ಹಿಂದಿನ ಸಂದಿ: ಕೆಲಸದವರಿಗೆ ದಾರಿ ಬಿಟ್ಟ ಊರು ಮನೆ ಯಾಕೆ ಬಿಡಲಿಲ್ಲ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)

ಇವತ್ತು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ.

ಬೆಳಗಿನ ಜಾವ ನಾಲ್ಕು ಗಂಟೆಗೆ ಕೃಷ್ಣರಾಜ ಮಾರುಕಟ್ಟೆಗೆ ಯಾವತ್ತಾದರೂ ಹೋಗಿದ್ದೀರಾ? ದಸರಾಗೋ ವರಮಹಾಲಕ್ಷ್ಮಿ ಹಬ್ಬಕ್ಕೋ ಹೂವು ತರೋಕೆ ಅಮ್ಮನ ಜೊತೆ ಹೋಗಿರಬಹುದು. ಆ ಹೊತ್ತಿಗಾಗಲೇ ಅಲ್ಲಿ ಊರೇ ಎದ್ದಿರುತ್ತೆ. ಸೇವಂತಿಗೆ ಮೂಟೆ ಇಳಿಸೋ ಹಮಾಲಿಗಳು, ಮಾರು ಹಾಕೋ ಹೆಂಗಸರು, ಕೊಳೆತ ಸೊಪ್ಪು ಗುಡಿಸೋ ಪೌರಕಾರ್ಮಿಕರು, ಬೀಟ್ ಪೊಲೀಸರು. ಎದುರಿಗೆ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಮುಗಿಸೋಕೆ ಕಾಯ್ತಾ ಇರೋ ನರ್ಸ್‌ಗಳು.

ಪ್ರಶ್ನೆ ಇಷ್ಟೇ: ಇವರೆಲ್ಲ ರಾತ್ರಿ ಎಲ್ಲಿ ಮಲಗಿದ್ದರು?

2020ರ ಲಾಕ್‌ಡೌನ್‌ನಲ್ಲಿ ನಾವೆಲ್ಲ ಒಂದು ಪದ ಕಲಿತೆವು, 'ಅಗತ್ಯ ಸೇವೆ'. ಇವರು ಒಂದು ದಿನ ಬರದೇ ಹೋದರೆ ಊರು ನಿಂತುಹೋಗುತ್ತೆ ಅಂತ. ಚಪ್ಪಾಳೆ ತಟ್ಟಿದೆವು, ಹೂವು ಹಾಕಿದೆವು. ಆದರೆ ಊರು ನಿಲ್ಲದ ಹಾಗೆ ನೋಡಿಕೊಳ್ಳೋರಿಗೆ ಊರೊಳಗೆ ಬಾಡಿಗೆಗೆ ಒಂದು ಮನೆ ಕೊಡೋದು ಯಾರ ಜವಾಬ್ದಾರಿ? ಈ ಪ್ರಶ್ನೆಗೆ ಬೆಂಗಳೂರು ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಅರ್ಧ ಉತ್ತರ ಕೊಡ್ತಾ ಬಂದಿದೆ. ಆ ಅರ್ಧ ಉತ್ತರದ ಕಥೆ ಇವತ್ತಿನದು.

ಅಂಗಡಿ ಮುಂದೆ, ಮನೆ ಹಿಂದೆ

ಮೊದಲು ಮಾರ್ಕೆಟ್‌ನಿಂದ ಉತ್ತರಕ್ಕೆ, ಪೇಟೆಯೊಳಗೆ ನಡೀರಿ. ಅಕ್ಕಿಪೇಟೆ, ಬಳೇಪೇಟೆ, ರಾಗಿಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಹೆಸರಲ್ಲೇ ವಿಷಯ ಇದೆ. ಕೆಂಪೇಗೌಡರು 1537ರಲ್ಲಿ ಕಟ್ಟಿದರು ಅಂತ ಹೇಳೋ ಈ ಊರಲ್ಲಿ ಕಸುಬು ಮತ್ತು ಮನೆ ಬೇರೆ ಬೇರೆ ಇರಲಿಲ್ಲ. ಮುಂದೆ ಅಂಗಡಿ, ಹಿಂದೆ ಅಡುಗೆಮನೆ. ಎಣ್ಣೆ ತೆಗೆಯೋನು ಗಾಣದ ಪಕ್ಕದಲ್ಲೇ ಮಲಗ್ತಿದ್ದ. 'ಕಮ್ಯೂಟ್' ಅನ್ನೋ ತಾಪತ್ರಯವೇ ಇರಲಿಲ್ಲ.

ಅದೇನು ರಾಮರಾಜ್ಯ ಆಗಿರಲಿಲ್ಲ ಬಿಡಿ. ಯಾವ ಬೀದಿಯಲ್ಲಿ ಯಾರಿರಬೇಕು ಅನ್ನೋದನ್ನ ಜಾತಿ ತೀರ್ಮಾನ ಮಾಡ್ತಿತ್ತು. ಆದರೂ ಕೆಲಸ ಇದ್ದ ಕಡೆ ಕೆಲಸಗಾರ ಇರಬೇಕು ಅನ್ನೋ ಸರಳ ಲೆಕ್ಕ ಅದರಲ್ಲಿತ್ತು. ಆ ಲೆಕ್ಕ ತಪ್ಪಿದ್ದು ಹೇಗೆ?

ಪ್ಲೇಗು, ಬಡಾವಣೆ, ಮತ್ತು ಒಂದು ಸಂದಿ

1890ರ ದಶಕಕ್ಕೆ ಬನ್ನಿ. ಪೇಟೆ ಇಕ್ಕಟ್ಟಾಗಿತ್ತು. 1892ರಲ್ಲಿ ಕೋಟೆಯ ಪಶ್ಚಿಮಕ್ಕೆ ಚಾಮರಾಜಪೇಟೆ ರೂಪುಗೊಂಡಿತು. ಅದೇ ದಶಕದಲ್ಲಿ ಬಸವನಗುಡಿ, ಮಲ್ಲೇಶ್ವರದ ನಕ್ಷೆ ಸಿದ್ಧವಾಯಿತು. 1898ರ ಆಗಸ್ಟ್‌ನಲ್ಲಿ ಪ್ಲೇಗು ಬಂತು. ಜನ ಪೇಟೆ ಬಿಟ್ಟು ಓಡಿದರು. ಊರ ಹೊರಗಿದ್ದ ಈ ಹೊಸ ಬಡಾವಣೆಗಳು ಬೇಗ ಬೇಗ ತುಂಬತೊಡಗಿದವು. ಗಾಳಿ, ಬೆಳಕು, ಅಗಲ ರಸ್ತೆ, ಸಾಲುಮರ. ಇವತ್ತು ನಾವು 'ಹಳೇ ಬೆಂಗಳೂರಿನ ಸೊಗಸು' ಅಂತ ಇನ್‌ಸ್ಟಾಗ್ರಾಂನಲ್ಲಿ ಹಾಕ್ಕೊಳ್ಳೋದೆಲ್ಲ ಆ ನಕ್ಷೆಯ ಕೊಡುಗೆ.

ಆ ನಕ್ಷೆಯಲ್ಲಿ ಇನ್ನೊಂದು ಗೆರೆಯೂ ಇತ್ತು. ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಹಳೇ ಮನೆಗಳ ಸಾಲಿನ ಹಿಂದೆ ಹೋಗಿ ನೋಡಿ. ಎರಡು ಸಾಲು ಮನೆಗಳ ಬೆನ್ನಿನ ನಡುವೆ ಒಂದು ಕಿರಿದಾದ ಸಂದಿ ಸಿಗುತ್ತೆ. ಕನ್ಸರ್ವೆನ್ಸಿ ಲೇನ್ ಅಂತಾರೆ. ಫ್ಲಶ್ ಇಲ್ಲದ ಕಾಲ ಅದು. ಮನೆಯ ಹಿತ್ತಲ ತುದಿಯಲ್ಲಿ ಕಕ್ಕಸು. ಅದನ್ನ ಕೈಯಿಂದ ಬಳಿದು ಹೊತ್ತುಕೊಂಡು ಹೋಗೋ ಮನುಷ್ಯ ಮುಂದಿನ ರಸ್ತೆಯಲ್ಲಿ ಕಾಣಬಾರದು, ಮನೆಯೊಳಗೆ ಬರಬಾರದು. ಅದಕ್ಕೇ ಈ ಸಂದಿ.

ಒಂದು ನಿಮಿಷ ಇದನ್ನ ಯೋಚನೆ ಮಾಡಿ. ನಕ್ಷೆ ಬರೆದವರಿಗೆ ಈ ಕೆಲಸಗಾರ ಗೊತ್ತಿದ್ದ. ಅವನಿಲ್ಲದೆ ಬಡಾವಣೆ ನಡೆಯಲ್ಲ ಅನ್ನೋದೂ ಗೊತ್ತಿತ್ತು. ಅವನು ಬಂದು ಹೋಗೋಕೆ ಎಷ್ಟು ಅಡಿ ಜಾಗ ಬೇಕು ಅಂತ ಅಳೆದು ಬಿಟ್ಟಿದ್ದರು. ಬ್ಲಾಕ್‌ಗಳನ್ನ ಸಮುದಾಯದ ಲೆಕ್ಕದಲ್ಲಿ ಹಂಚಿ, ನಿವೇಶನಗಳನ್ನ ಕೊಂಡು ಕಟ್ಟಿಸೋ ಶಕ್ತಿ ಇದ್ದವರಿಗೆ ಕೊಟ್ಟರು. ಸಂದಿಯಲ್ಲಿ ಬಂದವನು ಸಂಜೆ ಎಲ್ಲಿಗೆ ಹೋಗ್ತಾನೆ ಅನ್ನೋದು ಬಡಾವಣೆಯ ಪ್ರಶ್ನೆ ಆಗಲೇ ಇಲ್ಲ.

ಅದೇ ಪ್ಲೇಗು ಬೊಂಬಾಯಿಗೂ ಬಂದಿತ್ತು, ಎರಡು ವರ್ಷ ಮುಂಚೆ, 1896ರಲ್ಲಿ. ಅಲ್ಲಿ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಅದು ಕೊಳಕು ಅಂತ ಕೆಡವಿದ ಮನೆಗಳೇ ಜಾಸ್ತಿ ಅನ್ನೋ ಟೀಕೆ ಇದೆ, ನಿಜ. ಆದರೆ ಕಾರ್ಮಿಕರಿಗೆ ಬಾಡಿಗೆ ಚಾಳ್‌ಗಳನ್ನೂ ಕಟ್ಟಿತು. 1920ರ ದಶಕದಲ್ಲಿ ಸರ್ಕಾರದ ಬೊಂಬಾಯಿ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ವರ್ಳಿ, ನಾಯ್‌ಗಾಂವ್, ಡಿಲೈಲ್ ರೋಡ್, ಶಿವಡಿಗಳಲ್ಲಿ 207 ಚಾಳ್ ಕಟ್ಟಿತು. ಸುಮಾರು 160 ಚದರಡಿಯ ಒಂದೊಂದು ಕೋಣೆ. ಶುರುವಿನಲ್ಲಿ ಎಷ್ಟೋ ಕೋಣೆ ಖಾಲಿ ಬಿದ್ದಿದ್ದವು. ಬಾಡಿಗೆ ಜಾಸ್ತಿ, ಗಿರಣಿ ದೂರ, ಗಾಳಿ ಕಡಿಮೆ ಅಂತ ಜನ ಹೋಗಲಿಲ್ಲ. ಈ 'ಖಾಲಿ ಬಿದ್ದಿದ್ದವು' ಅನ್ನೋದನ್ನ ನೆನಪಿಟ್ಟುಕೊಳ್ಳಿ, ನೂರು ವರ್ಷ ಬಿಟ್ಟು ಮತ್ತೆ ಬರುತ್ತೆ.

ದೀಪ ಬಂತು, ವಠಾರವೂ ಬಂತು

ನಮ್ಮೂರಿಗೆ ವಾಪಸ್ ಬರೋಣ. 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಬಾಗಿಲು ತೆರೆಯಿತು. 1905ರ ಆಗಸ್ಟ್‌ನಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ಬಂದಾಗ ಮೊದಲು ದೀಪ ಹತ್ತಿದ್ದು ಇದೇ ಮಾರ್ಕೆಟ್ ಸುತ್ತಮುತ್ತ. 1921ರಲ್ಲಿ, ಒಂದು ಕಾಲಕ್ಕೆ ಸಿದ್ದಿಕಟ್ಟೆ ಇದ್ದ ಜಾಗದಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನ ಮಾರುಕಟ್ಟೆ ಕಟ್ಟಡ ಎದ್ದಿತು. 1935ರಲ್ಲಿ ವಾಣಿ ವಿಲಾಸ ಆಸ್ಪತ್ರೆ. ಒಂದೊಂದು ಸಂಸ್ಥೆ ಬಂದಾಗಲೂ ನೂರಾರು ಕೆಲಸ ಹುಟ್ಟಿದವು. ಮನೆ?

ಆ ಕೊರತೆ ತುಂಬಿದ್ದು ಹೆಚ್ಚಾಗಿ ಖಾಸಗಿಯವರು. ವಠಾರ! ನಡುವೆ ಅಂಗಳ, ಸುತ್ತ ಒಂದು ಕೋಣೆ, ಒಂದು ಅಡುಗೆಮನೆಯ ಪುಟ್ಟ ಪುಟ್ಟ ಮನೆಗಳು, ಎಲ್ಲರಿಗೂ ಸೇರಿ ನಲ್ಲಿ, ಎಲ್ಲರಿಗೂ ಸೇರಿ ಕಕ್ಕಸು, ಮೇಲೊಬ್ಬ ವಠಾರದ ಯಜಮಾನ. ಚಾಮರಾಜಪೇಟೆ, ಚಿಕ್ಕಪೇಟೆ, ಬಸವನಗುಡಿ, ಮಲ್ಲೇಶ್ವರದಲ್ಲಿ ಗುಮಾಸ್ತರು, ಮೇಷ್ಟ್ರುಗಳು, ಅಂಗಡಿ ಕೆಲಸದವರು ಬದುಕಿದ್ದು ಇಂಥ ಕಡೆ. ನಿಮ್ಮ ತಾತ ಅಜ್ಜಿ ಬೆಂಗಳೂರಿಗೆ ಬಂದು ಮೊದಲು ಇಳಿದದ್ದು ವಠಾರದಲ್ಲೇ ಇರಬಹುದು, ಕೇಳಿ ನೋಡಿ.

ವಠಾರದ ಬಗ್ಗೆ ನಮಗೆಲ್ಲ ಒಂದು ಮಮತೆ ಇದೆ. ಆದರೆ ಅದರ ಬಾಗಿಲಲ್ಲಿ ಬಾಡಿಗೆಗಿಂತ ಮುಂಚೆ ಇನ್ನೊಂದು ಪ್ರಶ್ನೆ ಇರುತ್ತಿತ್ತು: "ನೀವು ಯಾವ ಜನ?" ಆ ಪ್ರಶ್ನೆಗೆ ಸರಿಯಾದ ಉತ್ತರ ಇಲ್ಲದವರು ಗುಡಿಸಲಿಗೇ ಹೋಗಬೇಕು. ಸರ್ಕಾರದ ಬಾಡಿಗೆ ಮನೆ ಯಾಕೆ ಬೇಕು ಅನ್ನೋದಕ್ಕೆ ಕಡಿಮೆ ಬಾಡಿಗೆ ಒಂದು ಕಾರಣ ಆದರೆ, ಇದು ಎರಡನೇದು. ಸರ್ಕಾರಿ ಮನೆಯ ಬಾಗಿಲಲ್ಲಿ ಈ ಪ್ರಶ್ನೆ ಕೇಳುವ ಹಾಗಿಲ್ಲ.

ಕಾರ್ಮಿಕ ಅಂದರೆ ಯಾರು?

ಸ್ವಾತಂತ್ರ್ಯ ಬಂತು. ಬೆಂಗಳೂರು ಕಾರ್ಖಾನೆಗಳ ಊರಾಯಿತು. 1940ರಲ್ಲಿ ಎಚ್‌ಎಎಲ್ ಶುರುವಾಗಿತ್ತು, ಆಮೇಲೆ ಐಟಿಐ, ಎಚ್‌ಎಂಟಿ, ಬಿಇಎಲ್. ಇವುಗಳ ಜೊತೆ ಟೌನ್‌ಶಿಪ್, ಕ್ವಾರ್ಟರ್ಸ್ ಬಂದವು. 1949ರಲ್ಲಿ ಆಗಿನ ಗವರ್ನರ್ ಜನರಲ್ ರಾಜಾಜಿಯವರ ಹೆಸರಲ್ಲಿ ಕೈಗಾರಿಕಾ ಉಪನಗರ ರಾಜಾಜಿನಗರಕ್ಕೆ ಅಡಿಗಲ್ಲು ಬಿತ್ತು.

1952ರಲ್ಲಿ ಕೇಂದ್ರ ಸರ್ಕಾರ ಸಬ್ಸಿಡಿ ಕೈಗಾರಿಕಾ ವಸತಿ ಯೋಜನೆ ತಂದಿತು. ರಾಜ್ಯ ಸರ್ಕಾರ ಕಾರ್ಮಿಕರಿಗೆ ಬಾಡಿಗೆ ಮನೆ ಕಟ್ಟಿದರೆ ಅರ್ಧ ಖರ್ಚು ಸಬ್ಸಿಡಿ, ಇನ್ನರ್ಧ ಸಾಲ. ದೇಶದ ಮಟ್ಟದಲ್ಲಿ ಕೆಲಸಗಾರರಿಗಾಗಿ ಸರ್ಕಾರ ಬೆಂಬಲಿತ ಬಾಡಿಗೆ ಮನೆ ಅನ್ನೋ ಕಲ್ಪನೆ ನಿಜವಾಗಿ ಶುರುವಾಗಿದ್ದು ಇಲ್ಲಿಂದ. ಒಳ್ಳೇದು ತಾನೇ?

ಷರತ್ತು ನೋಡಿ. ಮುಖ್ಯವಾಗಿ ಕಾರ್ಖಾನೆ ಕಾಯ್ದೆ, ಗಣಿ ಕಾಯ್ದೆ ಅಡಿ ಬರೋರಿಗೆ ಇದು. ಮಗ್ಗದ ಮುಂದೆ ನಿಂತವನು ಕಾರ್ಮಿಕ. ಮಾರ್ಕೆಟ್‌ನಲ್ಲಿ ಮೂಟೆ ಹೊರೋನು, ಆಸ್ಪತ್ರೆ ವಾರ್ಡ್ ತೊಳೆಯೋಳು, ಬೀದಿ ಗುಡಿಸೋಳು ಆ ಲೆಕ್ಕಕ್ಕಿಲ್ಲ.

ಹಾಗಾದರೆ ಬೀದಿ ಗುಡಿಸೋರಿಗೆ ಏನೂ ಇರಲಿಲ್ವಾ? ಇತ್ತು. ಎಲ್ಲಿತ್ತು ಅನ್ನೋದೇ ಕಥೆ. 1956ರಲ್ಲಿ ಶುರುವಾದ ಎರಡನೇ ಪಂಚವಾರ್ಷಿಕ ಯೋಜನೆಯಲ್ಲಿ ವಸತಿಗೆ ಒಟ್ಟು 120 ಕೋಟಿ ರೂಪಾಯಿ. ಅದರಲ್ಲಿ ಕೈಗಾರಿಕಾ ವಸತಿಗೆ 45 ಕೋಟಿ. ಗುಡಿಸುವವರ ವಸತಿಗೆ ಪ್ರತ್ಯೇಕ ಸಾಲು ಇರಲಿಲ್ಲ, 'ಕೊಳೆಗೇರಿ ನಿರ್ಮೂಲನೆ'ಯ ಜೊತೆ ಸೇರಿಸಿ, ಎರಡಕ್ಕೂ 20 ಕೋಟಿ.

ಗಮನಿಸಿದ್ರಾ? ಕಾರ್ಖಾನೆಯವನಿಗೆ ಮನೆ ಕೊಡೋದು ಅವನು ಕೆಲಸಗಾರ ಅಂತ. ಊರು ಗುಡಿಸೋಳಿಗೆ ಮನೆ ಕೊಡೋದು ಅವಳು ಕೊಳೆಗೇರಿಯ ಸಮಸ್ಯೆ ಅಂತ. ಬಜೆಟ್ಟಿನ ಒಂದೇ ಒಂದು ಸಾಲಲ್ಲಿ ಹಳೇ ಸಂದಿ ಮತ್ತೆ ಕಾಣುತ್ತೆ.

1970ರ ದಶಕದಲ್ಲಿ ಒಂದು ದೊಡ್ಡ ಬದಲಾವಣೆ ಆಯಿತು. ದೇವರಾಜ ಅರಸು ಸಂಪುಟದಲ್ಲಿ ಪೌರಾಡಳಿತ ನೋಡ್ತಿದ್ದ ಬಿ. ಬಸವಲಿಂಗಪ್ಪ ತಲೆ ಮೇಲೆ ಮಲ ಹೊರೋ ಪದ್ಧತಿಯನ್ನ ನಿಷೇಧಿಸಿದರು. ಐ.ಪಿ.ಡಿ. ಸಾಲಪ್ಪ ಅವರ ಸಮಿತಿ 1976ರಲ್ಲಿ ಪೌರಕಾರ್ಮಿಕರ ಕೆಲಸ ಮತ್ತು ಬದುಕಿನ ಬಗ್ಗೆ ವರದಿ ಕೊಟ್ಟಿತು. ಇಂತಿಷ್ಟು ಜನಸಂಖ್ಯೆಗೆ ಇಷ್ಟು ಪೌರಕಾರ್ಮಿಕರು ಇರಬೇಕು ಅಂತ ಅದು ಹೇಳಿದ ಲೆಕ್ಕವನ್ನ ಕಾರ್ಮಿಕ ಸಂಘಗಳು ಇವತ್ತಿಗೂ ಮುಂದಿಡ್ತವೆ. ಸಂದಿಗೆ ಇದ್ದ ಮೂಲ ಕೆಲಸ ಮುಗಿಯಿತು.

ಆಮೇಲೆ ಏನಾಯಿತು? ಗುತ್ತಿಗೆ ಬಂತು. ಪಾಲಿಕೆಯ ಕೆಲಸ, ಆದರೆ ಪಾಲಿಕೆಯ ನೌಕರರಲ್ಲ. ಖಾಯಂ ಪೌರಕಾರ್ಮಿಕರಿಗೆ ರಾಜ್ಯ ಸರ್ಕಾರ 'ಗೃಹಭಾಗ್ಯ' ತಂದಾಗ, ಗುತ್ತಿಗೆಯವರು ಆ ಪಟ್ಟಿಯಲ್ಲಿ ಇರಲಿಲ್ಲ. 2022ರ ಜುಲೈನಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಮುಷ್ಕರ ಹೂಡಿದ್ದು ನಿಮಗೆ ನೆನಪಿರಬಹುದು. ಅವರು ಮುಖ್ಯವಾಗಿ ಕೇಳಿದ್ದು ಖಾಯಮಾತಿ. ನಮ್ಮಲ್ಲಿ ಮನೆಯ ಬೀಗದಕೈ ನೇಮಕಾತಿ ಪತ್ರದ ಒಳಗಿರುತ್ತೆ, ಅದಕ್ಕೇ ಆ ಪತ್ರಕ್ಕೆ ಅಷ್ಟು ಬೆಲೆ.

ಕೆಲಸ ಹೋದರೆ ಮನೆಯೂ ಹೋಯಿತಾ?

ಹಾಗಾದರೆ ಎಲ್ಲರಿಗೂ ಕ್ವಾರ್ಟರ್ಸ್ ಕಟ್ಟಿಬಿಟ್ಟರೆ ಆಯ್ತಲ್ಲ ಅನ್ನಬಹುದು. ಅಲ್ಲೊಂದು ಉರುಳಿದೆ. ಅದನ್ನ ನೋಡೋಕೆ ಕೋಲಾರ ಚಿನ್ನದ ಗಣಿಗೆ ಹೋಗಿಬರಬೇಕು.

ಮಾರ್ಕೆಟ್‌ಗೆ ದೀಪ ಬರೋಕೆ ಮೂರು ವರ್ಷ ಮುಂಚೆ, 1902ರಲ್ಲಿ, ಅದೇ ಶಿವನಸಮುದ್ರದ ವಿದ್ಯುತ್ತು ಹೋಗಿದ್ದು ಕೆಜಿಎಫ್‌ಗೆ. ಅಲ್ಲಿ ಕಾರ್ಮಿಕರಿಗೆ ಕಂಪನಿಯ 'ಲೈನ್' ಮನೆಗಳಿದ್ದವು. ಚಿಕ್ಕ ಮನೆ, ಕಡಿಮೆ ಬಾಡಿಗೆ, ಗಣಿಗೆ ಹತ್ತಿರ. ಮೂರ್ನಾಲ್ಕು ತಲೆಮಾರು ಅಲ್ಲೇ ಹುಟ್ಟಿ ಬೆಳೆದವು. 2001ರಲ್ಲಿ ಗಣಿ ಮುಚ್ಚಿತು. ಕೆಲಸ ಹೋಯಿತು. ಮನೆ ಕೆಲಸಕ್ಕೆ ಕಟ್ಟಿದ ಮನೆ, ಹಾಗಾಗಿ 'ಈ ಮನೆ ಯಾರದು' ಅನ್ನೋ ಪ್ರಶ್ನೆ ಎದ್ದಿತು. ಆ ಮನೆಗಳ ಹಕ್ಕಿಗಾಗಿ ಅಲ್ಲಿನ ಕುಟುಂಬಗಳು ವರ್ಷಗಟ್ಟಲೆ ಅಲೆದವು.

ಇದೇ ಸಂಕಟ ಬೇರೆ ರೂಪದಲ್ಲಿ ಪ್ರತಿ ಸರ್ಕಾರಿ ಕ್ವಾರ್ಟರ್ಸ್‌ನಲ್ಲೂ ಇದೆ. ನಿವೃತ್ತಿ ಆದ ಮೇಲೆ ಖಾಲಿ ಮಾಡಬೇಕು. ಅರವತ್ತನೇ ವಯಸ್ಸಿಗೆ ಊರ ಬಾಡಿಗೆಯ ಎದುರು ಬೆತ್ತಲೆ ನಿಲ್ಲಬೇಕು. ಅದಕ್ಕೇ ಒಳಗಿದ್ದವರು "ಹಕ್ಕುಪತ್ರ ಕೊಡಿ" ಅಂತಾರೆ. ಕೊಟ್ಟರೆ ಆ ಮನೆ ಮುಂದಿನ ನರ್ಸ್‌ಗೆ, ಮುಂದಿನ ಕಾನ್‌ಸ್ಟೇಬಲ್‌ಗೆ ಸಿಗಲ್ಲ. ಕೊಡದೇ ಇದ್ದರೆ ಮೂವತ್ತು ವರ್ಷ ಊರು ಕಾದವರು ಬೀದಿಗೆ. ಎರಡೂ ಕಡೆ ನ್ಯಾಯ ಇದೆ, ಅದೇ ಕಷ್ಟ.

ಕಟ್ಟಿದ ಮೇಲೆ ನೋಡಿಕೊಳ್ಳೋದು ಇನ್ನೊಂದು ಕಥೆ. 2021ರ ಅಕ್ಟೋಬರ್‌ನಲ್ಲಿ ಮಾರ್ಕೆಟ್‌ನಿಂದ ಬಹಳ ದೂರವೇನಲ್ಲದ ಬಿನ್ನಿ ಮಿಲ್ ಪ್ರದೇಶದಲ್ಲಿ ಪೊಲೀಸ್ ವಸತಿಗೃಹದ ಒಂದು ಬ್ಲಾಕ್ ವಾಲಿತು. ಕಟ್ಟಿ ಕೆಲವೇ ವರ್ಷ ಆಗಿದ್ದ ಕಟ್ಟಡ. ಪೊಲೀಸ್ ಕುಟುಂಬಗಳು ಗಂಟುಮೂಟೆ ಕಟ್ಟಿ ಕೆಳಗಿಳಿದವು.

ಇಷ್ಟೆಲ್ಲ ತಲೆನೋವು ಯಾಕೆ ಅಂತ ಸರ್ಕಾರಗಳು ಸುಲಭದ ದಾರಿ ಹಿಡಿದವು. ಕ್ವಾರ್ಟರ್ಸ್ ಸಿಗದವರಿಗೆ ಮನೆಬಾಡಿಗೆ ಭತ್ಯೆ. ಭತ್ಯೆ ಸಂಬಳದ ಶೇಕಡಾವಾರು ಲೆಕ್ಕದಲ್ಲಿ ಏರುತ್ತೆ, ಬಸವನಗುಡಿಯ ಬಾಡಿಗೆ ಆ ಲೆಕ್ಕ ಕೇಳಿಕೊಂಡು ಏರಲ್ಲ. ಮೇಲೆ ಬೆಂಗಳೂರಿನ ಪ್ರಸಿದ್ಧ ಹತ್ತು ತಿಂಗಳ ಅಡ್ವಾನ್ಸ್! ಕಾನೂನು ಕಾಪಾಡುತ್ತೆ ಅಂತೀರಾ? 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಬಾಡಿಗೆಗೆ ಅನ್ವಯಿಸೋದೇ ಇಲ್ಲ. ಇವತ್ತು 3,500ಕ್ಕೆ ಮಾರ್ಕೆಟ್ ಸುತ್ತ ಏನು ಸಿಗುತ್ತೆ, ನೀವೇ ಹೇಳಿ.

ಮತ್ತೆ ಖಾಲಿ ಮನೆಗಳು

2020ಕ್ಕೆ ಬರೋಣ. ವಲಸೆ ಕಾರ್ಮಿಕರು ನಡೆದುಕೊಂಡು ಊರಿಗೆ ಹೋದ ದೃಶ್ಯ ನೋಡಿದ ಮೇಲೆ ಕೇಂದ್ರ ಸರ್ಕಾರಕ್ಕೂ ಬಾಡಿಗೆ ಮನೆ ನೆನಪಾಯಿತು. ಜುಲೈನಲ್ಲಿ ಕೈಗೆಟುಕುವ ಬಾಡಿಗೆ ವಸತಿ ಸಮುಚ್ಚಯ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಎರಡು ದಾರಿ. ಒಂದು, ಹಿಂದಿನ ಯೋಜನೆಗಳಲ್ಲಿ ಸರ್ಕಾರದ ದುಡ್ಡಲ್ಲಿ ಕಟ್ಟಿ ಖಾಲಿ ಬಿದ್ದಿರೋ ಮನೆಗಳನ್ನ ರಿಪೇರಿ ಮಾಡಿ 25 ವರ್ಷ ಬಾಡಿಗೆಗೆ ಕೊಡೋದು. ಎರಡು, ಸಂಸ್ಥೆಗಳು ತಮ್ಮದೇ ಜಾಗದಲ್ಲಿ ಹೊಸದಾಗಿ ಕಟ್ಟೋದು.

ಮೊದಲನೇದನ್ನ ಮತ್ತೊಮ್ಮೆ ಕೇಳಿಸಿಕೊಳ್ಳಿ. ಮನೆ ಇಲ್ಲದವರು ಲಕ್ಷಾಂತರ ಇರೋ ದೇಶದಲ್ಲಿ, ಸರ್ಕಾರವೇ ಕಟ್ಟಿದ ಸುಮಾರು ಒಂದು ಲಕ್ಷ ಮನೆ ಖಾಲಿ ಇದ್ದವು! ಕಾರಣ ಹೊಸದಲ್ಲ. ಅಗ್ಗದ ಜಾಗ ಹುಡುಕಿ ಊರಾಚೆ ಕಟ್ಟಿದ ಮನೆಗೆ ಬೆಳಗ್ಗೆ ಆರೂವರೆಗೆ ಹಾಜರಿ ಹಾಕಬೇಕಾದವರು ಹೋಗಲ್ಲ. ಬೊಂಬಾಯಿಯ ಚಾಳ್‌ಗಳು 1920ರ ದಶಕದಲ್ಲಿ ಹೇಳಿದ ಪಾಠ ಇದೇ ಆಗಿತ್ತು. 2024ರಲ್ಲಿ ಬಂದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಎರಡನೇ ಆವೃತ್ತಿಯಲ್ಲೂ ಬಾಡಿಗೆ ಮನೆಗೆ ಒಂದು ಭಾಗ ಇದೆ. ಅದು ಎಲ್ಲಿ ಕಟ್ಟುತ್ತೆ ಅನ್ನೋದರ ಮೇಲೆ ಅದರ ಹಣೆಬರಹ ನಿಂತಿದೆ.

ಇದನ್ನ ಬೇರೆ ಥರ ಮಾಡಿದ ಊರೊಂದಿದೆ. ವಿಯೆನ್ನಾ. ಮೊದಲ ಮಹಾಯುದ್ಧದಲ್ಲಿ ಸೋತು ದಿವಾಳಿಯಾಗಿದ್ದ ದೇಶದ ರಾಜಧಾನಿ ಅದು. 1923ರಲ್ಲಿ ದೊಡ್ಡ ಮನೆಗಳ ಮೇಲೆ ಹೆಚ್ಚು, ಸಣ್ಣ ಮನೆಗಳ ಮೇಲೆ ಕಡಿಮೆ ಬೀಳೋ ಹಾಗೆ ವಸತಿ ತೆರಿಗೆ ಹಾಕಿತು. 1934ರ ಹೊತ್ತಿಗೆ 60,000ಕ್ಕೂ ಹೆಚ್ಚು ಬಾಡಿಗೆ ಮನೆ ಕಟ್ಟಿತು. ಮನೆ ಕಂಪನಿಯದಲ್ಲ, ಇಲಾಖೆಯದಲ್ಲ, ಊರಿನದು. ಕೆಲಸ ಬದಲಾಯಿಸಿದರೂ, ನಿವೃತ್ತಿ ಆದರೂ ಬಾಡಿಗೆ ಕಟ್ಟಿಕೊಂಡು ಇರಬಹುದು. ಇವತ್ತಿಗೂ ಆ ಊರಿನ ಸುಮಾರು ಅರ್ಧ ಜನ ನಗರಸಭೆಯ ಅಥವಾ ಸರ್ಕಾರದ ನೆರವಿನ ಮನೆಗಳಲ್ಲಿ ಇದ್ದಾರೆ. ಕೆಜಿಎಫ್‌ನ ಉರುಳಿಗೆ ಸಿಕ್ಕ ಒಂದು ಉತ್ತರ ಇದು: ಮನೆಯನ್ನ ಕೆಲಸಕ್ಕೆ ಕಟ್ಟಬೇಡಿ, ಊರಿಗೆ ಕಟ್ಟಿ.

"ನಮ್ಮೂರ ನಡುವೆ ಜಾಗ ಎಲ್ಲಿದೆ ಸ್ವಾಮಿ?" ಅಂತ ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಮಾರ್ಕೆಟ್‌ನಿಂದ ಸ್ವಲ್ಪ ದೂರದ ಫ್ರೀಡಂ ಪಾರ್ಕ್ ಪಕ್ಕ ಕಾರು, ಬೈಕು ನಿಲ್ಲಿಸೋಕೆ ಸಾರ್ವಜನಿಕರ ದುಡ್ಡಲ್ಲಿ ಬಹುಮಹಡಿ ಕಟ್ಟಡ ಎದ್ದಿದೆ. ಕಾರಿಗೆ ಊರ ನಡುವೆ ಸೂರು ಹುಡುಕಿದ ಊರಿಗೆ, ಆಸ್ಪತ್ರೆ ಆವರಣದ ಹಳೇ ಕಟ್ಟಡದ ಮೇಲೆ, ಬಸ್ ನಿಲ್ದಾಣದ ಮೇಲೆ ನರ್ಸ್‌ಗೋ ಪೌರಕಾರ್ಮಿಕರಿಗೋ ನಾಲ್ಕು ಮಹಡಿ ಹುಡುಕೋಕೆ ಆಗಲ್ವಾ? ಜಾಗ ಇಲ್ಲ ಅನ್ನೋದು ಯಾರಿಗೆ ಇಲ್ಲ ಅನ್ನೋದರ ಮೇಲೆ ಹೋಗುತ್ತೆ.

ಕೊನೆಗೆ ಆ ಸಂದಿಗೆ ವಾಪಸ್ ಹೋಗೋಣ. ಕೆಲವು ಕಡೆ ಅದನ್ನ ಅಕ್ಕಪಕ್ಕದವರು ಕಾಂಪೌಂಡ್ ಒಳಗೆ ಸೇರಿಸಿಕೊಂಡಿದ್ದಾರೆ. ಕೆಲವು ಕಡೆ ಕಸ ಬಿದ್ದಿದೆ. ಮಲ್ಲೇಶ್ವರದಲ್ಲಿ ಇತ್ತೀಚಿನ ವರ್ಷಗಳಲ್ಲಿ ನಿವಾಸಿಗಳು ಸೇರಿ ಕೆಲವು ಸಂದಿಗಳನ್ನ ಚೊಕ್ಕ ಮಾಡಿ, ಗೋಡೆಗೆ ಚಿತ್ರ ಬರೆದು, ನಡೆದಾಡೋ ಜಾಗ ಮಾಡಿದ್ದಾರೆ. ಚೆನ್ನಾಗಿದೆ, ಹೋಗಿ ನೋಡಿ.

ನೋಡುವಾಗ ಒಂದು ಮಾತ್ರ ಮರೀಬೇಡಿ. ಈ ಸಂದಿಯಲ್ಲಿ ಮೊದಲು ನಡೆದವರಿಗೆ ಊರು ಬರೋಕೆ ದಾರಿ ಕೊಟ್ಟಿತ್ತು, ಇರೋಕೆ ಜಾಗ ಕೊಟ್ಟಿರಲಿಲ್ಲ. ನಾಳೆ ಬೆಳಗ್ಗೆ ನಿಮ್ಮ ಬೀದಿ ಗುಡಿಸೋಕೆ ಬರೋ ಅಕ್ಕನನ್ನ ಮಾತಾಡಿಸಿ. "ಎಷ್ಟು ಗಂಟೆಗೆ ಮನೆ ಬಿಟ್ರಿ ಅಕ್ಕಾ?" ಅಂತ ಕೇಳಿ. ಅವರು ಹೇಳೋ ಗಂಟೆ ಈ ಚರಿತ್ರೆಯ ಕೊನೇ ಸಾಲು.